ಬರ, ಹಸಿವು ಮತ್ತು ಹಗೇವು

ಮಳೆ ಬಾರದಿದ್ದರೆ ಉರ್ದುವಿನಲ್ಲಿ ‘ಸೂಖಾ’ ಎನ್ನುತ್ತಾರೆ, ಅನ್ನ ಸಿಗದಿದ್ದರೆ ‘ಖಹತ್’. ನಮ್ಮ ಹಳ್ಳಿಗಳ ಕನ್ನಡದಲ್ಲಿ ಎರಡಕ್ಕೂ ‘ಬರ’ ಎಂಬ ಒಂದೇ ಮಾತು ನಡೆಯುತ್ತದೆ. ಆದರೆ ಅವೆರಡೂ ಒಂದೇ ಅಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಮಳೆ ಕೈಕೊಡುವುದು ಹೊಸದೇನಲ್ಲ. ಹಾಗೆಂದು ಮಳೆ ಹೋದ ಪ್ರತಿ ವರ್ಷವೂ ಜನ ಹಸಿವಿನಿಂದ ಸಾಯಲಿಲ್ಲ. ಇದಕ್ಕೆ ಕಾರಣವನ್ನು ಸಣ್ಣ ರೈತನ ಬೆದ್ದಲು ಹೊಲದಲ್ಲಿ ಹುಡುಕಬೇಕು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಪ್ರವಾಸ ಮಾಡಿದಾಗ ಗುಬ್ಬಿ ದೊಡ್ಡ ಸಂತೆಯ ಊರು. ಕೆರೆಯ ಕೆಳಗೆ ಭತ್ತ, ತೋಟ. ಉಳಿದ ಬಹುಪಾಲು ಭೂಮಿ ಮಳೆ ನಂಬಿದ ರಾಗಿ. ರೈತ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ. ಒಂದು ಮಳೆ ತಪ್ಪಿ ರಾಗಿ ಸೊರಗಿದರೂ ಹಿಂಗಾರಿನ ಹನಿಗೆ ಅವರೆಯಾದರೂ ಕೈಗೆ ಬರುತ್ತಿತ್ತು. ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಹುಲ್ಲು ಎಲ್ಲವೂ ಒಂದೆರಡು ಎಕರೆಯಲ್ಲೇ.

ಉಳಿದ ರಾಗಿ ಹಗೇವಿಗೆ ಹೋಗುತ್ತಿತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ ತೋಡಿದ ಗುಂಡಿ ಇದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಹುಳ ಬದುಕುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅಕ್ಕಿ, ಜೋಳಕ್ಕೆ ಈ ಗುಣ ಇಷ್ಟಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆಂದು ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ವಿಜ್ಞಾನದ ಪಾಠದಲ್ಲಿ ಇಂಗಾಲದ ಡೈಆಕ್ಸೈಡ್ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು. 1876-78ರಲ್ಲಿ, ಜನ ಧಾತು, ಈಶ್ವರ ಎಂದು ಕರೆದ ಸಂವತ್ಸರಗಳಲ್ಲಿ, ಮಳೆ ಮೇಲಿಂದ ಮೇಲೆ ಹೋಯಿತು. ಹಗೇವುಗಳು ಬರಿದಾದವು. ರೈಲು ಬೆಂಗಳೂರಿಗೆ 1864ರಲ್ಲೇ ಬಂದಿತ್ತು, ಧಾನ್ಯವೂ ಅಲ್ಲಿಗೆ ಬಂದಿಳಿಯಿತು. ಅಲ್ಲಿಂದ ಮುಂದೆ ತುಮಕೂರಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರಾರು? ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರ ಗಣತಿಯಲ್ಲಿ 41,86,188ಕ್ಕೆ ಇಳಿಯಿತು. ಸೂಖಾ ಖಹತ್ ಆಗುವುದು ಹೀಗೆ.

ಮುಂದಿನ ಕಥೆ ನಮಗೆ ಗೊತ್ತಿರುವುದೇ. ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ರಾಗಿ ಲಕ್ಷ್ಮಣಯ್ಯ’ನವರು ರೂಪಿಸಿದ ಇಂಡಾಫ್ ತಳಿಗಳಿಂದ ಇಳುವರಿ ಏರಿತು. ಹೇಮಾವತಿ ನಾಲೆ, ಕೊಳವೆಬಾವಿಗಳು ಬಂದವು. ಗುಬ್ಬಿಯಲ್ಲಿ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲ ಅಡಿಕೆ, ತೆಂಗಿನ ತೋಟವಾಯಿತು. ರೈತನ ಕೈಯಲ್ಲಿ ಹಣ ಓಡಾಡಿದ್ದು ಸಂತೋಷವೇ. ಅದನ್ನು ದೂರುವ ಹಕ್ಕು ಸಂಬಳ ಎಣಿಸುವ ನಮಗಿಲ್ಲ. ಆದರೆ ಅಡಿಕೆಯನ್ನು ಮಾರಬೇಕು, ಮುದ್ದೆ ಮಾಡಲಾಗದು. ಈಗ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರದಲ್ಲಿ ಹಂಚುತ್ತದೆ. ದಾಸ್ತಾನು ಮನೆಯಂಗಳದಿಂದ ಗೋದಾಮಿಗೆ ಹೋಗಿದೆ.

ನನ್ನ ತರಗತಿಯಲ್ಲಿ ಹಗೇವು ಎಂದರೇನೆಂದು ಕೇಳಿದೆ. ಕುಣಿಗಲ್ ಕಡೆಯ ಒಬ್ಬ ಹುಡುಗಿಗೆ ಮಾತ್ರ ಗೊತ್ತಿತ್ತು. ಅವಳ ಅಜ್ಜಿಯ ಮನೆ ಮುಂದೆ ಒಂದಿತ್ತಂತೆ. ಮಣ್ಣು ತುಂಬಿಸಿ, ಮೇಲೆ ಸಿಮೆಂಟ್ ಹಾಕಿ, ಈಗ ಅಲ್ಲಿ ಬೈಕ್ ನಿಲ್ಲಿಸುತ್ತಾರಂತೆ.