ಹದಿಮೂರು ವಾರ

"ಮೂರೂ ಇಂಜೆಕ್ಷನ್ ಮುಗಿಯೋವರೆಗೂ ಹೊರಗೆ ಕರ್ಕೊಂಡು ಹೋಗ್ಬೇಡಿ. ನೆಲಕ್ಕೆ ಕಾಲೇ ಇಡಿಸ್ಬೇಡಿ."

ಆರು ವರ್ಷದ ಹಿಂದೆ ಚಿಂಟುವನ್ನು ಮನೆಗೆ ತಂದ ವಾರ ಡಾಕ್ಟರು ಹೇಳಿದ ಮಾತು. ನಾನೂ ನನ್ನ ಹೆಂಡತಿಯೂ ಅದನ್ನು ಚಾಚೂ ತಪ್ಪದೆ ಪಾಲಿಸಿದೆವು. ಎರಡು ತಿಂಗಳಿಂದ ನಾಲ್ಕೂವರೆ ತಿಂಗಳವರೆಗೆ ಚಿಂಟು ಮೂರನೇ ಮಹಡಿಯ ಫ್ಲ್ಯಾಟಿನಲ್ಲೇ ಬೆಳೆದ. ರೋಗ ಏನೂ ಬರಲಿಲ್ಲ. ಆದರೆ ಮೊದಲ ಸಲ ಬೀದಿಗೆ ಇಳಿಸಿದ ದಿನ ಗೇಟಿನ ಪಕ್ಕದ ಚಪ್ಪಡಿ ಕಲ್ಲಿಗೆ ಅಂಟಿಕೊಂಡು ಕೂತವನು ಅಲ್ಲೇ ಉಚ್ಚೆ ಹೊಯ್ದುಕೊಂಡ. ಆಟೋ ಕಂಡರೆ ನಡುಕ, ಹೆಲ್ಮೆಟ್ ಹಾಕಿದವರನ್ನು ಕಂಡರೆ ನಡುಕ, ಬಿಚ್ಚಿದ ಕೊಡೆ ಕಂಡರಂತೂ ಕೇಳಬೇಡಿ. ವರ್ಷ ತುಂಬುವಷ್ಟರಲ್ಲಿ ಆ ಭಯ ಸಿಟ್ಟಾಗಿತ್ತು. ಎರಡನೇ ವರ್ಷ ಗ್ಯಾಸ್ ಸಿಲಿಂಡರ್ ತಂದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿದ. ಹುಡುಗನಿಗೆ ರೇಬಿಸ್ ಇಂಜೆಕ್ಷನ್ ಪೂರ್ತಿ ಕೋರ್ಸ್ ಕೊಡಿಸಿದೆವು, ಕೈಮುಗಿದು ಕ್ಷಮೆ ಕೇಳಿದೆವು. ಚಿಂಟು ಈಗ ತುರುವೇಕೆರೆ ಹತ್ತಿರ ನಮ್ಮ ಮಾವನ ತೋಟದಲ್ಲಿದ್ದಾನೆ. ವರ್ಷಕ್ಕೆ ಎರಡು ಸಲ ನೋಡಿ ಬರುತ್ತೇವೆ.

ಹೋದ ತಿಂಗಳು ಮನೆಗೆ ಬೆಲ್ಲ ಬಂದಳು. ಎಂಟು ವಾರದ ಬೀದಿಮರಿ. ಡಾಕ್ಟರು ಬೇರೆ, ಮಾತು ಅದೇ. ಈ ಸಲ ಮಾತ್ರ ತಲೆಯಾಡಿಸುವ ಮೊದಲು, ಈ ನಿಯಮ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ.

ನಾಯಿಯ ಇತಿಹಾಸ ಅಂದರೆ ಕನ್ನಡದವರಿಗೆ ಮೊದಲು ನೆನಪಾಗಬೇಕಾದ್ದು ಆತಕೂರಿನ ಕಾಳಿ. ಹತ್ತನೇ ಶತಮಾನದ ಮಧ್ಯಭಾಗ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಗಂಗರ ಬೂತುಗ "ಏನು ಬೇಕು ಕೇಳು" ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಸೆಣಸಿತು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದು ಅಂತಲೂ ಬರೆಸಿದ. ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಆಫೀಸಿಗೆ ಹೋಗುವ ದಾರಿಯಲ್ಲೇ ಇದ್ದರೂ ನಮ್ಮಲ್ಲಿ ಅರ್ಧ ಜನ ಒಳಗೆ ಕಾಲಿಟ್ಟಿರುವುದಿಲ್ಲ, ಆ ಮಾತು ಬೇರೆ. ಸತ್ತ ನಾಯಿಯ ಬಗ್ಗೆ ಇಷ್ಟೆಲ್ಲ ಬರೆಸಿದವರು, ಕಾಳಿ ಮರಿಯಾಗಿದ್ದಾಗ ಅದನ್ನು ಯಾರು, ಹೇಗೆ ಬೆಳೆಸಿದರು ಅನ್ನುವುದರ ಬಗ್ಗೆ ಒಂದು ಸಾಲೂ ಬರೆಸಿಲ್ಲ. ಪ್ರಾಯಶಃ ಬರೆಸುವ ಅಗತ್ಯವೇ ಇರಲಿಲ್ಲ. ಜನ, ದನ, ಕುದುರೆಗಳ ನಡುವೆ ಹುಟ್ಟಿದ ಮರಿಗೆ ಲೋಕವನ್ನು ಬೇರೆಯಾಗಿ ಪರಿಚಯ ಮಾಡಿಸಬೇಕೇ?

ಆ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದವರು, ಎರಡನೇ ಮಹಾಯುದ್ಧ ಮುಗಿದ ಮೇಲೆ. ಮೇನ್ ರಾಜ್ಯದ ಸಮುದ್ರ ದಂಡೆಯಲ್ಲಿ ಬಾರ್ ಹಾರ್ಬರ್ ಅಂತ ಊರು. ಅಲ್ಲಿನ ಜ್ಯಾಕ್ಸನ್ ಪ್ರಯೋಗಾಲಯ ಇಲಿಗಳಿಗೆ ಹೆಸರುವಾಸಿ. ಅಲ್ಲಿಗೆ ಬಂದ ಜಾನ್ ಪಾಲ್ ಸ್ಕಾಟ್ ಅದಕ್ಕೂ ಮೊದಲು ಒಂದು ಕುರಿಮರಿ ಸಾಕಿದ್ದರು. ಹುಟ್ಟಿದ ಕೂಡಲೇ ತಾಯಿಯಿಂದ ಬೇರೆಯಾದ ಮರಿ. ಗಂಡ ಹೆಂಡತಿ ಹತ್ತು ದಿನ ಬಾಟಲಿ ಹಾಲು ಕುಡಿಸಿ ಆಮೇಲೆ ಮಂದೆಗೆ ಬಿಟ್ಟರು. ಮರಿ ಮನುಷ್ಯರ ಹಿಂದೆ ಸುತ್ತಿದ್ದು ವಿಶೇಷವಲ್ಲ, ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಶೇಷ ಏನೆಂದರೆ, ಮೂರು ವರ್ಷ ಕಳೆದರೂ ಆ ಕುರಿ ಮಂದೆಯ ಜೊತೆ ಸೇರಲಿಲ್ಲ, ಒಂಟಿಯಾಗೇ ಮೇಯುತ್ತಿತ್ತು. ಹತ್ತು ದಿನದ ಲೆಕ್ಕ ಜೀವನಪೂರ್ತಿ ಉಳಿಯಿತು.

ಸ್ಕಾಟ್ ಮತ್ತು ಜಾನ್ ಫುಲ್ಲರ್ ಸೇರಿ ಬಾಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್ಲೆಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್ ಹೀಗೆ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿದರು. 1965ರಲ್ಲಿ ಅದು ದಪ್ಪ ಪುಸ್ತಕವಾಗಿ ಬಂತು. ಆದರೆ ನನ್ನ ನಿದ್ದೆ ಕೆಡಿಸಿದ್ದು ಅದೇ ಊರಿನಲ್ಲಿ ನಡೆದ ಇನ್ನೊಂದು ಸಣ್ಣ ಪ್ರಯೋಗ, 1961ರಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಪ್ರಕಟಿಸಿದ್ದು. ಎತ್ತರದ ಬೇಲಿ ಹಾಕಿದ ಒಂದೆಕರೆ ಬಯಲು. ಒಳಗೆ ತಾಯಿನಾಯಿಗಳು, ಮರಿಗಳು. ಊಟ ನೀರು ಬೇಲಿಯ ಕಿಂಡಿಯಿಂದ ಹೋಗುತ್ತಿತ್ತು. ಮನುಷ್ಯರ ಮುಖ ಕಾಣುವ ಹಾಗಿಲ್ಲ. ಕೆಲವು ಮರಿಗಳನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಂದೊಂದು ವಾರದ ಮಟ್ಟಿಗೆ ಹೊರಗೆ ತಂದು ಜನರ ಜೊತೆ ಬಿಟ್ಟು, ಮತ್ತೆ ಬಯಲಿಗೆ ಸೇರಿಸಿದರು. ಉಳಿದವು ಹದಿನಾಲ್ಕು ವಾರದವರೆಗೆ ಬೇಲಿಯ ಒಳಗೇ.

ಹದಿನಾಲ್ಕನೇ ವಾರದಲ್ಲಿ ಎಲ್ಲವನ್ನೂ ಪರೀಕ್ಷಿಸಿದರು. ಮಧ್ಯದಲ್ಲಿ ಒಂದೇ ಒಂದು ವಾರ ಮನುಷ್ಯರನ್ನು ಕಂಡಿದ್ದ ಮರಿಗಳು, ಅದರಲ್ಲೂ ಐದರಿಂದ ಒಂಬತ್ತನೇ ವಾರದ ನಡುವೆ ಕಂಡಿದ್ದವು, ಚೆನ್ನಾಗಿ ಹೊಂದಿಕೊಂಡವು. ಕಾಣದೇ ಉಳಿದವು ಕಾಡುಪ್ರಾಣಿಗಳಂತೆ ದೂರ ಸರಿದವು. ಅಂಥ ಒಂದು ಮರಿಯನ್ನು ಆಮೇಲೆ ಮೂರು ತಿಂಗಳು ಎತ್ತಿ, ಮುದ್ದು ಮಾಡಿ, ಆಡಿಸಿ ನೋಡಿದರೂ ಆದ ಬದಲಾವಣೆ ಅಲ್ಪ. ಮನುಷ್ಯರಿಗೆ ಹೊಂದಿಕೊಳ್ಳುವ ಆ ಅವಧಿ ಸುಮಾರು ಎರಡೂವರೆ ವಾರಕ್ಕೆ ಶುರುವಾಗಿ ಒಂಬತ್ತರಿಂದ ಹದಿಮೂರನೇ ವಾರದ ಹೊತ್ತಿಗೆ ಮುಗಿಯುತ್ತದೆ ಅಂತ ಬರೆದರು.

ಇದನ್ನು ಓದಿದ ರಾತ್ರಿ ನಾನು ಬೆರಳು ಮಡಚಿ ಎಣಿಸಿದೆ. ಚಿಂಟು ಬೀದಿಗೆ ಇಳಿದದ್ದು ಹತ್ತೊಂಬತ್ತನೇ ವಾರದಲ್ಲಿ. ಚಿಂಟುವಿಗೆ ನಮ್ಮಿಬ್ಬರ ಪರಿಚಯ ಇತ್ತು, ಆದರೆ ಬೀದಿಯ ಮಟ್ಟಿಗೆ ನಮ್ಮ ಫ್ಲ್ಯಾಟೂ ಒಂದು ಬೇಲಿಯೇ.

ಹಾಗಾದರೆ ಡಾಕ್ಟರು ತಪ್ಪು ಹೇಳಿದರಾ? ಇಲ್ಲ. ಅವರ ಮಾತಿನ ಹಿಂದೆ ಇನ್ನೊಂದು ಇತಿಹಾಸವಿದೆ. ನಾಯಿಮರಿಗಳ ಹಳೇ ಯಮ ಡಿಸ್ಟೆಂಪರ್. 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ಅದಕ್ಕೆ ಕಾರಣ ಸೋಸುಬಟ್ಟಲಲ್ಲೂ ನುಸುಳಿಹೋಗುವ ವೈರಸ್ ಅಂತ ತೋರಿಸಿದರು. 1920ರ ದಶಕದಲ್ಲಿ ಇಂಗ್ಲೆಂಡಿನ 'ದಿ ಫೀಲ್ಡ್' ಪತ್ರಿಕೆ ಚಂದಾ ಎತ್ತಿ, ಆ ಹಣದಲ್ಲಿ ಲೇಡ್ಲಾ ಮತ್ತು ಡಂಕಿನ್ ಲಸಿಕೆ ತಯಾರಿಸಿದರು. ಅದಕ್ಕಾಗಿ ಅವರು ಬಳಸಿದ್ದು ಫೆರೆಟ್ ಅನ್ನುವ ಮುಂಗುಸಿಯಂಥ ಪ್ರಾಣಿಯನ್ನು. 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪತ್ತೆ ಹಚ್ಚಲು ಸಹಾಯವಾದದ್ದೂ ಇದೇ ಫೆರೆಟ್‌ಗಳು. ನಾಯಿಯ ರೋಗಕ್ಕೆ ಕೊಟ್ಟ ಚಂದಾ ನಮ್ಮ ಜ್ವರಕ್ಕೂ ಉಪಯೋಗಕ್ಕೆ ಬಂತು.

ಆಮೇಲೆ 1978. ಬೆಕ್ಕುಗಳ ಒಂದು ವೈರಸ್ಸಿಗೆ ತೀರಾ ಹತ್ತಿರದ ಹೊಸ ವೈರಸ್ಸು ನಾಯಿಗಳಲ್ಲಿ ಕಾಣಿಸಿಕೊಂಡು, ಒಂದೆರಡು ವರ್ಷದಲ್ಲಿ ಲೋಕವನ್ನೇ ಸುತ್ತಿತು. ಪಾರ್ವೊ. ಯಾವ ನಾಯಿಗೂ ಅದರ ವಿರುದ್ಧ ರಕ್ಷಣೆ ಇರಲಿಲ್ಲ. ವಾಂತಿ, ರಕ್ತಭೇದಿ, ಮರಿಗಳಾದರೆ ಎರಡು ಮೂರು ದಿನದಲ್ಲಿ ಮುಗಿದೇ ಹೋಗುತ್ತಿದ್ದವು. ಆಟವಾಡುತ್ತಿದ್ದ ಮರಿ ಹೃದಯ ನಿಂತು ಬಿದ್ದದ್ದೂ ಇದೆ. ಮೊದಮೊದಲು ಬೇರೆ ದಾರಿಯಿಲ್ಲದೆ ಬೆಕ್ಕಿನ ಲಸಿಕೆಯನ್ನೇ ನಾಯಿಗಳಿಗೆ ಹಾಕಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಮೈಕೆಲ್ ಮತ್ತು ಆಪೆಲ್ ನಾಯಿಗೇ ಅಂತ ಲಸಿಕೆ ತಂದದ್ದು ಅದರ ಬೆನ್ನಿಗೇ. ಆದರೆ ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಸಾಮಾನ್ಯ ಸೋಪಿಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು.

ಇನ್ನೊಂದು ತೊಡಕು ತಾಯಿಯ ಗಿಣ್ಣುಹಾಲಿನದು. ಅದರಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆ ಅಂತ ಮೇಲ್ನೋಟಕ್ಕೆ ಹೇಳಲಾಗದು. ಅದಕ್ಕೇ ಆರೆಂಟು ವಾರದಿಂದ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ದಾಟುವವರೆಗೆ ಚುಚ್ಚುತ್ತಲೇ ಇರಬೇಕು. ಚುಚ್ಚಿದ್ದೇ ಚುಚ್ಚಿ ದುಡ್ಡು ಮಾಡುತ್ತಾರೆ ಅಂತ ಗೊಣಗುತ್ತಿದ್ದ ನನಗೆ ಈಗ ನಾಚಿಕೆಯಾಗುತ್ತದೆ.

ಲೆಕ್ಕ ನೋಡಿ. ಮನಸ್ಸು ತೆರೆದಿರುವುದು ಹದಿಮೂರನೇ ವಾರದವರೆಗೆ, ಮೈಗೆ ಭದ್ರತೆ ಸಿಗುವುದು ಹದಿನಾರರ ಮೇಲೆ. ಒಂದು ತಲೆಮಾರಿನ ಪಶುವೈದ್ಯರು ಕಣ್ಣೆದುರು ಸತ್ತ ಮರಿಗಳನ್ನು ನೋಡಿ ಎರಡನೆಯದನ್ನು ಆರಿಸಿಕೊಂಡರು. ಭಯದಿಂದ ಕಚ್ಚುವ ನಾಯಿ ವರ್ಷ ಕಳೆದ ಮೇಲೆ ಬರುತ್ತದೆ. ಅದರ ಲೆಕ್ಕವನ್ನು ಯಾರೂ ಅವರ ಖಾತೆಗೆ ಬರೆಯುವುದಿಲ್ಲ.

ಇದಕ್ಕೆ ಎದುರುವಾದ ಬಂದದ್ದೂ ಒಬ್ಬ ಪಶುವೈದ್ಯರಿಂದಲೇ. ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಇಯಾನ್ ಡನ್‌ಬಾರ್ 1980ರ ದಶಕದ ಮೊದಲಲ್ಲಿ ಮರಿಗಳಿಗೆಂದೇ, ಹಗ್ಗ ಬಿಚ್ಚಿ ಆಡಲು ಬಿಡುವ ತರಗತಿ ಶುರುಮಾಡಿದರು. 2008ರಲ್ಲಿ ಪ್ರಾಣಿವರ್ತನೆಯ ಪಶುವೈದ್ಯರ ಅಮೆರಿಕದ ಸಂಘ ಬಹಿರಂಗವಾಗಿಯೇ ಹೇಳಿತು: ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕಲ್ಲ, ವರ್ತನೆಯ ಸಮಸ್ಯೆ. ಮೊದಲ ಲಸಿಕೆ ಆಗಿ ಏಳು ದಿನ ಕಳೆದಿದ್ದರೆ, ಜಂತುಹುಳದ ಔಷಧಿ ಕೊಟ್ಟಿದ್ದರೆ, ಏಳೆಂಟು ವಾರದ ಮರಿಯೂ ಶುಚಿಯಾದ ಜಾಗದ ತರಗತಿಗೆ ಬರಬಹುದು. 2013ರಲ್ಲಿ ನಾಲ್ಕು ನಗರಗಳ ಸಾವಿರ ಚಿಲ್ಲರೆ ಮರಿಗಳ ಅಧ್ಯಯನವೊಂದು ಬಂತು. ಲಸಿಕೆ ಹಾಕಿಸಿಕೊಂಡು ತರಗತಿಗೆ ಹೋದ ಒಂದು ಮರಿಗೂ ಪಾರ್ವೊ ಬಂದಿರಲಿಲ್ಲ. ಹೋದವುಗಳ ಸಂಖ್ಯೆ ಕಡಿಮೆಯಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಅಮೆರಿಕದ ಶುಚಿ ತರಗತಿ ನಮ್ಮ ಬೀದಿಗೆ ಹೊಂದುತ್ತದಾ? ಬೆಲ್ಲಳ ಅಣ್ಣ ತಮ್ಮಂದಿರು ಅದೇ ಬೀದಿಯಲ್ಲಿ ಮೀನಿನಂಗಡಿ, ಕಸದ ಆಟೋ, ಶಾಲೆಯ ಮಕ್ಕಳು ಎಲ್ಲವನ್ನೂ ನೋಡುತ್ತಾ ಬೆಳೆದರು. ಅವರಿಗೆ ಯಾವ ತರಗತಿಯೂ ಬೇಕಿರಲಿಲ್ಲ. ಐದರಲ್ಲಿ ಈಗ ಉಳಿದಿರುವುದು ಒಂದು. ಪಶ್ಚಿಮ ಬಂಗಾಳದಲ್ಲಿ ಅನಿಂದಿತಾ ಭದ್ರಾ ಅವರ ತಂಡ 364 ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮರಿ ಹಾಕುವ ವಯಸ್ಸಿನವರೆಗೆ ಬದುಕಿದ್ದು ನೂರಕ್ಕೆ 19. ಹಾಗಾಗಿ "ಬೀದಿನಾಯಿಗಳು ಗಟ್ಟಿ ಕಣ್ರೀ, ಅವಕ್ಕೇನೂ ಆಗಲ್ಲ" ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಗಟ್ಟಿ ಅನಿಸುವುದು ಉಳಿದವು ಮಾತ್ರ ಕಣ್ಣಿಗೆ ಬೀಳುವುದರಿಂದ.

ಈ ಎಲ್ಲವನ್ನೂ ಹೊಸ ಡಾಕ್ಟರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆಲಕ್ಕೆ ಬಿಡಬೇಡಿ ಅಂದೆ. ಎತ್ಕೊಂಡು ಹೋಗಬೇಡಿ ಅನ್ನಲಿಲ್ವಲ್ಲ" ಅಂದರು.

ಈಗ ಬೆಲ್ಲಳಿಗೆ ಹನ್ನೊಂದು ವಾರ, ಎರಡು ಇಂಜೆಕ್ಷನ್ ಆಗಿದೆ. ಸಂಜೆ ಆರಕ್ಕೆ ಅವಳನ್ನು ತರಕಾರಿ ಚೀಲದಲ್ಲಿ ಕೂರಿಸಿ ಎದೆಗೆ ತಗುಲಿಹಾಕಿಕೊಂಡು ಸರ್ಕಲ್ಲಿಗೆ ಹೋಗುತ್ತೇನೆ. ಎಳನೀರಿನವರ ಪಕ್ಕ ಹದಿನೈದು ನಿಮಿಷ. ಬಸ್ಸು ಬಂದಾಗ ಒಂದು ಚೂರು ಬೇಯಿಸಿದ ಕೋಳಿ; ಕಿವಿ ಹಿಂದಕ್ಕೆ ಹೋಯಿತೋ, ನಾಲ್ಕು ಹೆಜ್ಜೆ ದೂರ ಸರಿಯುತ್ತೇನೆ. ಲಸಿಕೆ ಪೂರ್ತಿ ಆಗಿರುವ, ಸಾಧು ಸ್ವಭಾವದ ಗೆಳೆಯರ ನಾಯಿಯೊಂದು ಭಾನುವಾರ ಮನೆಗೇ ಬರುತ್ತದೆ. ಚಪ್ಪಲಿಗಳು ಬಾಗಿಲ ಹೊರಗೆ. ಮನೆಗೆ ಬರುವ ನೆಂಟರಿಗೆ ಹೆಲ್ಮೆಟ್ ಹಾಕಿಕೊಂಡು ಅವಳಿಗೆ ಬಿಸ್ಕತ್ತು ಕೊಡಿ ಅಂತ ಹೇಳಿದ್ದೇನೆ. ಹುಚ್ಚು ಹಿಡಿದಿದೆ ಅಂತ ನಗುತ್ತಾರೆ, ಆದರೂ ಹಾಕಿಕೊಳ್ಳುತ್ತಾರೆ.

ನಿನ್ನೆ ಸಿಲಿಂಡರ್ ಬಂತು. ಅದೇ ಹುಡುಗ. ಬಾಗಿಲಲ್ಲೇ ನಿಂತು, "ಸಾರ್, ನಾಯಿ ಕಟ್ಟಿದೀರಾ?" ಅಂದ. ಹೊಸ ಮರಿ ಅಂದೆ. ಸಿಲಿಂಡರ್ ಇಳಿಸಿ, ಪ್ಯಾಂಟಿನ ಮೇಲಿಂದ ಒಮ್ಮೆ ಮೀನಖಂಡ ಸವರಿಕೊಂಡ. ನಾನು ಕೋಳಿಯ ಚೂರನ್ನು ಅವನ ಕೈಗೆ ಕೊಟ್ಟೆ. ಅವನು ಕೂರಲಿಲ್ಲ, ನಿಂತಲ್ಲಿಂದಲೇ ಬಗ್ಗಿ ನೆಲದ ಮೇಲೆ ಇಟ್ಟ. ಬೆಲ್ಲ ಅದನ್ನು ತಿಂದು, ಅವನ ಕಾಲನ್ನು ಮೂಸಿ ನೋಡಿದಳು.