ಚಿತ್ರವನ್ನು ಕಟ್ಟಿಡುವ ಬಗೆ

ಪರದೆಯ ಮೇಲೆ ಬಿಡಿಸಿದ ಚಿತ್ರವನ್ನು ನಾಳೆಗೆ ಎತ್ತಿಡುವುದು ಹೇಗೆ? ಮನೆಗಳಿಗೆ ಗಣಕಯಂತ್ರ ಮೊದಮೊದಲು ಬಂದ ಕಾಲದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿರಲಿಲ್ಲ.

1982ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರದ್ದು ಅತಿ ಸರಳವಾದ ದಾರಿ. ಪರದೆಗೆಂದು ಮೀಸಲಾದ ಸ್ಮೃತಿಯನ್ನು ಇದ್ದದ್ದು ಇದ್ದಂತೆಯೇ ಟೇಪಿಗೆ ಇಳಿಸಿಬಿಡುವುದು. ಚುಕ್ಕೆಗಳಿಗೆ 6,144 ಬೈಟ್, ಬಣ್ಣಕ್ಕೆ 768, ಒಟ್ಟು 6,912. ಖಾಲಿ ಪರದೆಯಾದರೂ ಅಷ್ಟೇ, ತುಂಬಿದ ಪರದೆಯಾದರೂ ಅಷ್ಟೇ. ಬಣ್ಣದ ಲೆಕ್ಕ ಇಷ್ಟು ಕಿರಿದಾದುದಕ್ಕೆ ಕಾರಣವುಂಟು: ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶ. ಆಟದ ಚಿತ್ರದಲ್ಲಿ ಕೆಂಪು ಅಂಗಿಯವನು ಹಸಿರು ಗಿಡದ ಪಕ್ಕಕ್ಕೆ ಬಂದರೆ ಗಿಡವೂ ಕೆಂಪಾದೀತು! ಮೇಲಾಗಿ, ಆ ಕಡತದಲ್ಲಿ ಚಿತ್ರದ ಅಳತೆಯೇ ಬರೆದಿರಲಿಲ್ಲ. ಅನ್ಯ ಯಂತ್ರಕ್ಕೆ ಅದು ಬರಿಯ ಅಂಕಿಗಳ ರಾಶಿ.

1985ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಜೆರ್ರಿ ಮಾರಿಸನ್ ರೂಪಿಸಿದ ಐ.ಎಫ್.ಎಫ್. ಪದ್ಧತಿ ಈ ಕೊರತೆಯನ್ನು ನೀಗಿತು. ಅಮಿಗಾ ಯಂತ್ರದಲ್ಲಿ ಬಳಕೆಗೆ ಬಂದ ಇದರಲ್ಲಿ ಅಗಲ, ಎತ್ತರ, ಬಣ್ಣಗಳ ಪಟ್ಟಿ ಎಲ್ಲವೂ ಚಿತ್ರದೊಡನೆಯೇ ಇರುತ್ತಿದ್ದವು. ಒಂದೇ ಬೈಟ್ ಸಾಲಾಗಿ ಮೂವತ್ತು ಸಲ ಬಂದರೆ ಮೂವತ್ತು ಸಲ ಬರೆಯದೆ, "ಇದು ಮೂವತ್ತು" ಎಂದು ಗುರುತು ಹಾಕಿದರೆ ಸಾಕು. ಬಿಡಿಸುವುದೂ ಸುಲಭ. ಆದರೆ ಛಾಯಾಚಿತ್ರದಂತೆ ಚುಕ್ಕೆಚುಕ್ಕೆಗೂ ಬಣ್ಣ ಬದಲಾಗುವ ಕಡೆ ಈ ಉಪಾಯ ಹೆಚ್ಚೇನೂ ನಡೆಯದು.

ದೂರವಾಣಿಯ ತಂತಿಯಲ್ಲಿ ಚಿತ್ರ ಕಳುಹಿಸುವವರಿಗೆ ಇದು ಸಾಲಲಿಲ್ಲ. ನಿಧಾನದ ತಂತಿ, ಗಂಟೆಗಿಷ್ಟು ಎಂದು ಶುಲ್ಕ ಬೇರೆ. 1987ರಲ್ಲಿ ಕಂಪ್ಯುಸರ್ವ್ ಸಂಸ್ಥೆಯ ಸ್ಟೀವ್ ವಿಲ್‌ಹೈಟ್ ತಂಡ ಜಿಫ್ ಎಂಬ ರೂಪವನ್ನು ಹೊರತಂದಿತು. ಒಂದು ಪಟ್ಟಿಯಲ್ಲಿ 256 ಬಣ್ಣಗಳಿಗೆ ಮಿತಿ. ಮತ್ತೆ ಮತ್ತೆ ಬರುವ ಬಿಂದುಮಾಲೆಗಳಿಗೆ ಚಿಕ್ಕ ಸಂಕೇತ. ಬೇಕಾದರೆ ಎಂಟು ಸಾಲಿಗೊಂದರಂತೆ ಮೊದಲು ಕಳುಹಿಸಿ, ನಡುವಿನ ಸಾಲುಗಳನ್ನು ಆಮೇಲೆ ತುಂಬಬಹುದು. ಅಸ್ಪಷ್ಟ ಚಿತ್ರ ಕಂಡೊಡನೆ ಬೇಡವೆನಿಸಿದವನು ತಂತಿ ಕಡಿದು ಕಾಸು ಉಳಿಸಿಕೊಳ್ಳುತ್ತಿದ್ದ. ನನ್ನ ಮಟ್ಟಿಗೆ ಇದೇ ಅದರ ನಿಜವಾದ ಜಾಣತನ.

ಈ ಉಳಿತಾಯಕ್ಕೆ ಬೇರೊಂದು ಬೆಲೆಯಿದ್ದುದು ತಡವಾಗಿ ತಿಳಿಯಿತು. ಟೆರ್ರಿ ವೆಲ್ಚ್ ಹೆಸರಿನ ಆ ಸಂಕೇತ ವಿಧಾನಕ್ಕೆ 1985ರಲ್ಲೇ ಪೇಟೆಂಟ್ ದೊರೆತು, ಅದು ಯೂನಿಸಿಸ್ ಸಂಸ್ಥೆಯ ವಶವಾಗಿತ್ತು. 1994ರ ಡಿಸೆಂಬರಿನಲ್ಲಿ, ಜಿಫ್ ಬಳಸುವ ಪ್ರೋಗ್ರಾಂ ತಯಾರಕರು ಪರವಾನಗಿ ಪಡೆಯಬೇಕೆಂಬ ಪ್ರಕಟಣೆ ಹೊರಟಿತು. ಕೋಪಗೊಂಡ ತಂತ್ರಜ್ಞರು ಪೇಟೆಂಟಿನ ಗೊಡವೆಯಿಲ್ಲದ ಪಿ.ಎನ್.ಜಿ. ರೂಪವನ್ನು ಕಟ್ಟಿ 1996ರಲ್ಲಿ ಸಿದ್ಧಪಡಿಸಿದರು. ಅದರಲ್ಲಿ ಚಲಿಸುವ ಚಿತ್ರಕ್ಕೆ ಅವಕಾಶವಿಡಲಿಲ್ಲ. ಜಿಫ್ ಉಳಿದದ್ದು ಅದರಿಂದಲೇ; ಅಮೆರಿಕದಲ್ಲಿ ಆ ಪೇಟೆಂಟಿನ ಅವಧಿ 2003ರಲ್ಲಿ ಮುಗಿಯಿತು.