ಗೃಹೀತಾಗಮಾ

ವಿದೇಶದ ವಿಶ್ವವಿದ್ಯಾನಿಲಯಗಳು ನಮ್ಮ ದೇಶದಲ್ಲಿ ಶಾಖೆಗಳನ್ನು ತೆರೆಯುವುದಕ್ಕೆ 2023ರಲ್ಲಿ ನಿಯಮಗಳಾದ ಮೇಲೆ, ‘ಇವರು ಕೊಡುವ ಪದವಿಗೆ ಮಾನ್ಯತೆ ಉಂಟೋ?’ ಎಂಬ ಪ್ರಶ್ನೆಯು ಮಕ್ಕಳನ್ನು ಓದಿಸುವ ಮನೆಗಳಲ್ಲಿ ಕೇಳಿಬರುತ್ತಿದೆ. ಪ್ರಶ್ನೆಯು ಹೊಸದಲ್ಲ. ಇದಕ್ಕೆ ಉತ್ತರವನ್ನು ಎದುರುನೋಡುತ್ತ ಮೂವತ್ತೈದು ವರ್ಷ ಕಾದ ಒಂದು ಸಂಸ್ಥೆಯ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಧೋಂಡೊ ಕೇಶವ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಒಂದು ಆಶ್ರಮವನ್ನು ಸ್ಥಾಪಿಸಿದ್ದರು. ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯವನ್ನು ಕುರಿತ ಪುಸ್ತಿಕೆಯೊಂದು ಅವರ ಕೈಸೇರಿತು. ಅದರಿಂದ ಪ್ರೇರಿತರಾಗಿ, 1915ರಲ್ಲಿ ಮುಂಬಯಿಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷಪೀಠದಿಂದ ತಮ್ಮ ಸಂಕಲ್ಪವನ್ನು ಸಾರಿ, ಮರುವರ್ಷವೇ ಪುಣೆಯಲ್ಲಿ ಭಾರತೀಯ ಮಹಿಳಾ ವಿದ್ಯಾಪೀಠವನ್ನು ಆರಂಭಿಸಿದರು. ಅಲ್ಲಿ ಬೋಧನೆಯು ಮಾತೃಭಾಷೆಯಲ್ಲಿ. ಇಂಗ್ಲಿಷು ಒಂದು ಪಾಠವಿಷಯ ಮಾತ್ರ.

ಅದೇ 1916ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿತು. ಆದರೆ ಅದರ ಬೆನ್ನಿಗೆ ಮಹಾರಾಜರ ಸರ್ಕಾರವಿತ್ತು. ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳೂ 1857ರ ಶಾಸನಗಳಿಂದಲೇ ಆದವು. ಕರ್ವೆಯವರ ಬಳಿ ಇದ್ದುದು ಚಂದಾ ಪುಸ್ತಕವೊಂದೇ.

ಅವರು ಕೊಟ್ಟ ಪದವಿಯ ಹೆಸರಾದರೋ ‘ಗೃಹೀತಾಗಮಾ’. ಯಾವಳು ಆಗಮವನ್ನು, ಎಂದರೆ ಶಾಸ್ತ್ರವನ್ನು, ಗ್ರಹಿಸಿದ್ದಾಳೋ ಅವಳು. ಅದರ ಮೇಲಿನದು ‘ಪ್ರದೇಯಾಗಮಾ’: ಗ್ರಹಿಸಿದ್ದನ್ನು ಇತರರಿಗೆ ಕೊಡಲು ಅರ್ಹಳಾದವಳು. ಕಲಿಯುವುದು, ಆಮೇಲೆ ಕಲಿಸುವುದು ಎಂಬ ಕ್ರಮವೆಲ್ಲ ಎರಡು ಬಹುವ್ರೀಹಿ ಸಮಾಸಗಳಲ್ಲಿ ಅಡಗಿದೆ! ‘ಬ್ಯಾಚಲರ್’ ಎಂಬ ಬ್ರಹ್ಮಚಾರಿವಾಚಕ ಶಬ್ದವನ್ನು ಹೆಣ್ಣುಮಕ್ಕಳಿಗೆ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲೆಂದು ನನಗೆ ತೋರುತ್ತದೆ. ಆದರೆ ಶಾಸನದ ಬೆಂಬಲವಿಲ್ಲದ ಪದವಿಯನ್ನು ಒಪ್ಪಲೇಬೇಕೆಂಬ ಕಟ್ಟಳೆಯು ಯಾವ ಕಚೇರಿಗೂ ಇರಲಿಲ್ಲ.

ಇದರ ನೋವನ್ನು ನಾನೂ ಅಲ್ಪಸ್ವಲ್ಪ ಬಲ್ಲೆ. ಪಾಠಶಾಲೆಯ ವಿದ್ವತ್ ಪ್ರಮಾಣಪತ್ರವನ್ನು ಹಿಡಿದು ಉಪಾಧ್ಯಾಯವೃತ್ತಿಗಾಗಿ ಹೋದಾಗ, ‘ಇದು ಯಾವುದಕ್ಕೆ ಸಮ?’ ಎಂದು ಗುಮಾಸ್ತರು ಕೇಳಿದರು. ಮೇಲಿನವರಿಂದ ಉತ್ತರ ಬರುವಷ್ಟರಲ್ಲಿ ಆ ವರ್ಷದ ಶಾಲೆಗಳು ಆರಂಭವಾಗಿದ್ದವು.

1920ರಲ್ಲಿ ಸರ್ ವಿಠ್ಠಲದಾಸ ಠಾಕರಸಿಯವರು ಹದಿನೈದು ಲಕ್ಷ ರೂಪಾಯಿಗಳ ದಾನವನ್ನಿತ್ತರು. ಅವರ ತಾಯಿ ನಾಥೀಬಾಯಿಯವರ ಹೆಸರು ವಿದ್ಯಾಪೀಠಕ್ಕೆ ಬಂದಿತು. ಹಣ ಬಂದರೂ ಮಾನ್ಯತೆ ಬರಲಿಲ್ಲ. ಕರ್ವೆಯವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1929ರಲ್ಲಿ, ಯೂರೋಪು ಅಮೆರಿಕಗಳಿಗೆ ಹೊರಟು ತಮ್ಮ ಸಂಸ್ಥೆಯ ವಿಚಾರವನ್ನು ಅಲ್ಲಿಯ ಜನರಿಗೆ ತಿಳಿಸಿ ಬಂದರು. 1936ರಲ್ಲಿ ಕೇಂದ್ರಕಚೇರಿಯು ಮುಂಬಯಿಗೆ ಹೋಯಿತು.

ಇದೇ ಕಾಲದಲ್ಲಿ ಹರಿದ್ವಾರದ ಬಳಿಯ ಕಾಂಗಡಿ ಗುರುಕುಲವು ಬೇರೊಂದು ದಾರಿಯನ್ನು ಹಿಡಿದಿತ್ತು. 1902ರಲ್ಲಿ ಅದನ್ನು ಅಲ್ಲಿ ನೆಲೆಗೊಳಿಸಿದ ಮಹಾತ್ಮ ಮುನ್ಷೀರಾಮರು, ಮುಂದೆ ಸ್ವಾಮಿ ಶ್ರದ್ಧಾನಂದರು, ಪರಸರ್ಕಾರದ ಮಾನ್ಯತೆಯೇ ಬೇಡವೆಂದರು. ಆ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೂ ಬೇಡವೆಂದವರು ಹಿರಿಯರು, ‘ವಿದ್ಯಾಲಂಕಾರ’ನೆನಿಸಿಕೊಂಡು ಜೀವನೋಪಾಯವನ್ನು ಹುಡುಕಬೇಕಾದವರು ಹುಡುಗರು ಎಂಬುದನ್ನು ಮರೆಯಲಾರೆ. ಆ ವಿಷಯದಲ್ಲಿ ನನ್ನ ಮನಸ್ಸು ಕಾದು ನಿಂತ ಕರ್ವೆಯವರ ಕಡೆಗೇ ವಾಲುತ್ತದೆ. ಗುರುಕುಲಕ್ಕೂ ಸ್ವತಂತ್ರ ಭಾರತದಲ್ಲಿ, 1956ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಶಾಸನದಂತೆ, 1962ರಲ್ಲಿ ವಿಶ್ವವಿದ್ಯಾನಿಲಯಸಮಾನವೆಂಬ ಸ್ಥಾನವು ದೊರೆಯಿತು.

ಮಹಿಳಾ ವಿದ್ಯಾಪೀಠಕ್ಕೆ ಶಾಸನಬದ್ಧ ಮಾನ್ಯತೆಯು ಲಭಿಸಿದ್ದು 1951ರಲ್ಲಿ. ಕರ್ವೆಯವರಿಗೆ ಆಗ ತೊಂಬತ್ತಮೂರು ವಯಸ್ಸು. ಅದಾದ ಮೇಲೂ ಅವರು ಹನ್ನೊಂದು ವರ್ಷ ಬದುಕಿದ್ದರು. ಇಂದು ಅಲ್ಲಿ ಓದಿ ಹೊರಬರುವ ಹೆಣ್ಣುಮಕ್ಕಳು ಬಿ.ಎ., ಎಂ.ಎ. ಎಂದೇ ಬರೆದುಕೊಳ್ಳುತ್ತಾರೆ, ಯಾವ ಗುಮಾಸ್ತನೂ ‘ಯಾವುದಕ್ಕೆ ಸಮ?’ ಎಂದು ಕೇಳುವಂತಿಲ್ಲ. ಗೃಹೀತಾಗಮಾ ಎಂಬ ಹೆಸರು ಮಾತ್ರ ಬಳಕೆಯಲ್ಲಿಲ್ಲ.